ಗೇಣು, ಮೊಳ, ಮಾರು: ಮೈಕ್‌ಗೆ ದೂರ ಹೇಗೆ ಕೇಳಿಸುತ್ತದೆ?

ಫೋನನ್ನು ಬಾಯಿಯ ಹತ್ತಿರ ಹಿಡಿದು ಎರಡು ಮಾತು ರೆಕಾರ್ಡ್ ಮಾಡಿ. ಆಮೇಲೆ ಅದೇ ಫೋನನ್ನು ಕೋಣೆಯ ಆ ತುದಿಯಲ್ಲಿಟ್ಟು, ಈ ತುದಿಯಲ್ಲಿ ಕೂತು ಅದೇ ಮಾತು ಹೇಳಿ. ಎರಡನ್ನೂ ಒಂದಾದ ಮೇಲೊಂದು ಕೇಳಿ. ಮೊದಲನೆಯದರಲ್ಲಿ ನೀವು ಕೇಳುವವರ ಪಕ್ಕದಲ್ಲೇ ಕೂತಿದ್ದೀರಿ. ಎರಡನೆಯದರಲ್ಲಿ ಬಾವಿಯೊಳಗಿಂದ ಕೂಗುತ್ತಿದ್ದೀರಿ. ಫೋನ್ ಅದೇ, ಕೋಣೆ ಅದೇ, ದನಿಯೂ ಅದೇ. ಬದಲಾಗಿದ್ದು ದೂರ ಮಾತ್ರ.

ಮೊದಲೆಲ್ಲ ಇದು ರೇಡಿಯೋ ಮತ್ತು ಸ್ಟುಡಿಯೋದವರ ತಲೆನೋವಾಗಿತ್ತು. ಈಗ ವಿಡಿಯೋ ಕಾಲ್, ಆನ್‌ಲೈನ್ ಪಾಠ, ಪಾಡ್‌ಕಾಸ್ಟ್ ಅಂತ ಎಲ್ಲರೂ ಮೈಕ್ ಮುಂದೆ ಕೂತಿದ್ದೇವೆ. "ಸರಿಯಾಗಿ ಕೇಳಿಸ್ತಿಲ್ಲ" ಎಂದು ಒಮ್ಮೆಯಾದರೂ ಅನ್ನಿಸಿಕೊಳ್ಳದವರು ಅಪರೂಪ. ಆಗ ಹೆಚ್ಚಿನವರು ಹುಡುಕುವುದು ದುಬಾರಿ ಮೈಕ್. ಆದರೆ ಅದನ್ನೂ ಕೋಣೆಯ ಆ ತುದಿಯಲ್ಲೇ ಇಟ್ಟರೆ, ಬಾವಿಯ ದನಿಯನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ, ಅಷ್ಟೆ.

## ಮೈಕ್‌ಗೆ "ರೇಂಜ್" ಇಲ್ಲ

"ಈ ಮೈಕ್ ಎಷ್ಟು ದೂರದವರೆಗೆ ಹಿಡಿಯುತ್ತೆ?" ಮೈಕ್ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ ಇದು. ಮೈಕ್ ಏನೋ ಬಲೆ ಬೀಸಿ ಶಬ್ದ ಹಿಡಿಯುತ್ತದೆ, ಒಳ್ಳೆಯ ಮೈಕಿನ ಬಲೆ ದೊಡ್ಡದು ಎಂಬ ಕಲ್ಪನೆ ಇದರ ಹಿಂದಿದೆ. ಹಾಗೇನೂ ಇಲ್ಲ.

ಮೈಕಿನೊಳಗೆ ಒಂದು ತೆಳು ಪೊರೆ ಇರುತ್ತದೆ. ಇದಕ್ಕೆ ಡಯಾಫ್ರಾಮ್ ಎನ್ನುತ್ತಾರೆ. ಶಬ್ದ ಅಂದರೆ ಗಾಳಿಯ ಒತ್ತಡದ ಏರಿಳಿತ. ಅದು ಬಂದು ತಾಕಿದಾಗ ಪೊರೆ ಅಲುಗುತ್ತದೆ, ಆ ಅಲುಗಾಟ ವಿದ್ಯುತ್ ಸಂಕೇತವಾಗುತ್ತದೆ. ಫೋನಿನ ಮೈಕಿನಲ್ಲಿ ಈ ಪೊರೆ ಗುಂಡುಸೂಜಿಯ ತಲೆಗಿಂತ ದೊಡ್ಡದೇನಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಈ ಕ್ಷಣ ನನ್ನ ಮೇಲೆ ಎಷ್ಟು ಒತ್ತಡ ಬಿತ್ತು. ಅದು ನಿಮ್ಮ ದನಿಯೋ, ಫ್ಯಾನಿನ ಸದ್ದೋ, ಬೀದಿಯ ಹಾರ್ನೋ, ಹತ್ತಿರದಿಂದ ಬಂತೋ ದೂರದಿಂದಲೋ, ಪೊರೆಗೆ ತಿಳಿಯದು. ಎಲ್ಲವೂ ಸೇರಿ ಒಂದೇ ಅಲುಗಾಟ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಪೊರೆ ಇರುವ ಜಾಗಕ್ಕೆ ತಲುಪುವ ಹೊತ್ತಿಗೆ ನಮಗೆ ಬೇಕಾದ ಶಬ್ದ ಎಷ್ಟು ಉಳಿದಿದೆ? ಬೇಡದ್ದು ಎಷ್ಟು ಬಂದು ಸೇರಿದೆ? ಈ ಎರಡರ ಪ್ರಮಾಣವನ್ನು ಮುಖ್ಯವಾಗಿ ತೀರ್ಮಾನಿಸುವುದು ದೂರ.

## ಬಲೂನಿನ ಲೆಕ್ಕ

ಬಾಯಿಂದ ಹೊರಟ ದನಿ ಸುತ್ತಲೂ ಹರಡುತ್ತದೆ. ಊದುತ್ತಿರುವ ಬಲೂನನ್ನು ನೆನೆಸಿಕೊಳ್ಳಿ. ಬಲೂನು ಹಿಗ್ಗಿದಷ್ಟೂ ಅದರ ಮೈ ತೆಳುವಾಗುತ್ತದೆ. ಇರುವಷ್ಟೇ ರಬ್ಬರು ಹೆಚ್ಚು ಜಾಗಕ್ಕೆ ಹಂಚಿಹೋಗಬೇಕಲ್ವಾ? ಶಬ್ದದ ಶಕ್ತಿಯೂ ಹೀಗೇ ಹಂಚಿಹೋಗುತ್ತದೆ. ದೂರ ಎರಡು ಪಟ್ಟಾದರೆ ಬಲೂನಿನ ಮೈ ನಾಲ್ಕು ಪಟ್ಟಾಗುತ್ತದೆ. ಅಂದರೆ ಮೈಕಿನ ಪುಟ್ಟ ಪೊರೆಗೆ ಸಿಗುವ ಶಕ್ತಿ ಕಾಲು ಭಾಗ. ಅದರ ಮೇಲೆ ಬೀಳುವ ಒತ್ತಡ ಅರ್ಧ.

ಶಬ್ದದ ಮಟ್ಟವನ್ನು ಡೆಸಿಬಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದು ಪಟ್ಟುಗಳ ಲೆಕ್ಕ. 6 ಡೆಸಿಬಲ್ ಇಳಿದರೆ ಒತ್ತಡ ಅರ್ಧವಾಯಿತು ಎಂದರ್ಥ. 20 ಇಳಿದರೆ ಹತ್ತರಲ್ಲಿ ಒಂದು. ಹಾಗಾಗಿ ಸೂತ್ರ ಸುಲಭ: ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಕಳೆಯಿರಿ.

ಇದನ್ನು ಅಳೆಯಲು ಟೇಪು ಬೇಡ, ನಮ್ಮ ಕೈಯೇ ಸಾಕು. ಒಂದು ಗೇಣು ಸುಮಾರು 22 ಸೆಂಟಿಮೀಟರ್. ಎರಡು ಗೇಣು ಒಂದು ಮೊಳ. ನಾಲ್ಕು ಮೊಳ ಒಂದು ಮಾರು, ಅಂದರೆ ಎರಡು ಕೈ ಚಾಚಿದಷ್ಟು ಅಗಲ, ಹತ್ತಿರ ಹತ್ತಿರ 1.8 ಮೀಟರ್. ಸಾಧಾರಣ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇರುತ್ತದೆ. ಹಾಗಾದರೆ ಗೇಣು ದೂರದಲ್ಲಿ 73, ಮೊಳ ದೂರದಲ್ಲಿ 67, ಮಾರು ದೂರದಲ್ಲಿ 55. ಇದು ಬಾಯಿಂದ ನೇರವಾಗಿ ಬರುವ ದನಿಯ ಲೆಕ್ಕ. ಗೋಡೆಗೆ ಬಡಿದು ಬರುವುದನ್ನು ಆಮೇಲೆ ನೋಡೋಣ.

ಈಗ ಫ್ಯಾನ್ ಹಾಕಿ. ಅದರ ಸದ್ದು ಕೋಣೆಯ ತುಂಬ ಹೆಚ್ಚುಕಮ್ಮಿ 40 ಡೆಸಿಬಲ್ ಇದೆ ಎಂದುಕೊಳ್ಳಿ. ಗೇಣು ದೂರದಲ್ಲಿ ನಿಮ್ಮ ದನಿ ಫ್ಯಾನಿಗಿಂತ 33 ಡೆಸಿಬಲ್ ಮೇಲಿದೆ, ಫ್ಯಾನ್ ಇರುವುದೇ ಗೊತ್ತಾಗದು. ಮಾರು ದೂರದಲ್ಲಿ ಈ ಅಂತರ ಬರೀ 15. ಫ್ಯಾನ್ ಜೋರಾಗಿಲ್ಲ, ನೀವೂ ಮೆತ್ತಗೆ ಮಾತಾಡಿಲ್ಲ. ಆದರೂ ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಎದ್ದು ಕೂತಿರುತ್ತದೆ.

"ಗೇನ್ ಏರಿಸಿದರಾಯಿತು" ಎಂದು ಅನ್ನಿಸಬಹುದು. ಗೇನ್ ಅಂದರೆ ಮೈಕಿನಿಂದ ಬಂದ ಸಂಕೇತವನ್ನು ಎಷ್ಟು ದೊಡ್ಡದು ಮಾಡಬೇಕು ಎಂಬ ಗುಂಡಿ. ಅದು ಪೊರೆಯ ಅಲುಗಾಟವನ್ನು ಇಡಿಯಾಗಿ ದೊಡ್ಡದು ಮಾಡುತ್ತದೆ. ಗುಂಪು ಫೋಟೋದಲ್ಲಿ ಒಬ್ಬರ ಮುಖ ಸಣ್ಣದಾಯಿತು ಎಂದು ಫೋಟೋವನ್ನೇ ದೊಡ್ಡದಾಗಿ ಮುದ್ರಿಸಿದರೆ ಪಕ್ಕದವರ ಮುಖವೂ ದೊಡ್ಡದಾಗುತ್ತದೆ. ಇದೂ ಹಾಗೇ. 55 ಮತ್ತು 40ರ ನಡುವಿನ ಅಂತರ ಎಷ್ಟು ಏರಿಸಿದರೂ 15 ಆಗಿಯೇ ಉಳಿಯುತ್ತದೆ. ಫೋನುಗಳು ಈ ಗುಂಡಿಯನ್ನು ತಾವೇ ತಿರುಗಿಸುತ್ತವೆ. ನೀವು ಮಾತು ನಿಲ್ಲಿಸಿದ ಕೂಡಲೇ ಹಿನ್ನೆಲೆಯ ಸದ್ದು ಭುಸ್ಸೆಂದು ಮೇಲೇಳುವುದು ಇದರಿಂದಲೇ.

ಈ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಕಳೆಯುವುದು ದೂರದ ಪಟ್ಟಿನ ಮೇಲೆಯೇ ಹೊರತು ಸೆಂಟಿಮೀಟರಿನ ಮೇಲಲ್ಲ. ಮೈಕನ್ನು 4 ಸೆಂಟಿಮೀಟರ್ ದೂರದಲ್ಲಿ ಹಿಡಿದು ಹಾಡುವವರು ತಲೆಯನ್ನು ಇನ್ನೊಂದು 4 ಸೆಂಟಿಮೀಟರ್ ಹಿಂದೆ ತಂದರೆ ದೂರ ಎರಡು ಪಟ್ಟಾಯಿತು. ದನಿ 6 ಡೆಸಿಬಲ್ ಕುಸಿಯಿತು. ಮಾರು ದೂರದಲ್ಲಿ ಕೂತವರು ಅದೇ 4 ಸೆಂಟಿಮೀಟರ್ ಹಿಂದೆ ಸರಿದರೆ ವ್ಯತ್ಯಾಸ 0.2 ಡೆಸಿಬಲ್ ಕೂಡ ಇಲ್ಲ. ಯಾರಿಗೂ ಕೇಳಿಸದು. ಹಾಡುಗಾರರು ಜೋರು ಸ್ವರ ಬಂದಾಗ ಮೈಕನ್ನು ಸ್ವಲ್ಪ ದೂರ ಸರಿಸಿ, ಮೆತ್ತನೆಯ ಸಾಲಿಗೆ ತುಟಿಗೆ ತಂದುಕೊಳ್ಳುತ್ತಾರಲ್ಲ, ಅದು ಬರೀ ಶೈಲಿ ಅಲ್ಲ. ಕೈಯಲ್ಲೇ ವಾಲ್ಯೂಮ್ ನಡೆಸುತ್ತಿರುತ್ತಾರೆ.

## ಕೋಣೆಯೂ ಮಾತಾಡುತ್ತದೆ

ಬಾವಿಯ ದನಿಗೆ ಕಾರಣ ಫ್ಯಾನ್ ಅಲ್ಲ. ಗೋಡೆಗಳು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಚಿಕ್ಕ ಕೋಣೆಯಲ್ಲಿ ಅದು ಒಂದು ಸೆಕೆಂಡಿನೊಳಗೆ ಹತ್ತಾರು ಸಲ ಗೋಡೆ, ನೆಲ, ಚಾವಣಿಗೆ ಬಡಿದು ವಾಪಸ್ ಬರುತ್ತದೆ. ಹಾಗಾಗಿ ಮೈಕ್‌ಗೆ ನಿಮ್ಮ ಒಂದೊಂದು ಮಾತೂ ಎರಡು ರೀತಿಯಲ್ಲಿ ಸಿಗುತ್ತದೆ. ಒಂದು, ಬಾಯಿಂದ ನೇರವಾಗಿ ಬಂದದ್ದು. ಇನ್ನೊಂದು, ಬಡಿದು ಬಡಿದು ಬಂದ ಚೂರುಗಳ ರಾಶಿ.

ಬಲೂನಿನ ಲೆಕ್ಕ ನಡೆಯುವುದು ನೇರ ದನಿಗೆ ಮಾತ್ರ. ಅದು ದೂರ ಹೋದಷ್ಟೂ ಕುಗ್ಗುತ್ತದೆ. ಚೂರುಗಳ ರಾಶಿ ಹಾಗಲ್ಲ, ಅದು ಹೊಗೆಯಂತೆ ಕೋಣೆಯ ತುಂಬ ಹೆಚ್ಚುಕಮ್ಮಿ ಸಮನಾಗಿ ಹಬ್ಬಿರುತ್ತದೆ. ಮೈಕ್ ಹತ್ತಿರ ಇದ್ದಾಗ ನೇರ ದನಿ ಗೆಲ್ಲುತ್ತದೆ. ದೂರ ಸರಿಸುತ್ತಾ ಹೋದರೆ ಒಂದು ಕಡೆ ಎರಡೂ ಸಮ ಆಗುತ್ತವೆ. ಶಬ್ದದ ಎಂಜಿನಿಯರುಗಳು ಇದನ್ನು ಕ್ರಿಟಿಕಲ್ ಡಿಸ್ಟೆನ್ಸ್ ಎನ್ನುತ್ತಾರೆ. ನಾವು ಗಡಿ ದೂರ ಎನ್ನೋಣ. ಅದನ್ನು ದಾಟಿದ ಮೇಲೆ ನೀವು ರೆಕಾರ್ಡ್ ಮಾಡುತ್ತಿರುವುದು ದನಿಗಿಂತ ಜಾಸ್ತಿ ಕೋಣೆಯನ್ನು.

ಈ ಗಡಿ ಎಷ್ಟು ಹತ್ತಿರ ಇದೆ ಎಂದು ತಿಳಿದಾಗ ಹೆಚ್ಚಿನವರಿಗೆ ನಂಬಿಕೆಯೇ ಬರುವುದಿಲ್ಲ. 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ತೆಗೆದುಕೊಳ್ಳಿ. ಹಾಸಿಗೆ, ಪರದೆ, ಬಟ್ಟೆಬರೆ ಇದ್ದು, ಸದ್ದು ನಿಲ್ಲಿಸಿದ ಮೇಲೆ ಪ್ರತಿಧ್ವನಿ ಆರಲು ಅರ್ಧ ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಗಡಿ ದೂರ ಸುಮಾರು 55 ಸೆಂಟಿಮೀಟರ್. ಒಂದು ಮೊಳಕ್ಕಿಂತ ತುಸು ಹೆಚ್ಚು! ಅದೇ ಕೋಣೆ ಖಾಲಿಯಾಗಿದ್ದು, ಬರೀ ಗೋಡೆ ಮತ್ತು ಟೈಲ್ಸ್ ಇದ್ದು, ಪ್ರತಿಧ್ವನಿ ಒಂದು ಸೆಕೆಂಡ್ ಉಳಿದರೆ ಗಡಿ 40 ಸೆಂಟಿಮೀಟರಿಗೆ ಬರುತ್ತದೆ. ಮಾತು ಎಲ್ಲ ದಿಕ್ಕಿಗೂ ಸಮನಾಗಿ ಹೋಗದೆ ಮುಂದಕ್ಕೇ ಜಾಸ್ತಿ ಹೋಗುವುದರಿಂದ ನಿಜದಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಆದರೂ ಮಾರು ದೂರದಲ್ಲಿಟ್ಟ ಮೈಕ್ ಗಡಿಯ ಆಚೆಗೇ ಇರುತ್ತದೆ.

ಪರದೆ, ರಗ್ಗು, ಹಾಸಿಗೆ ಯಾಕೆ ಉಪಯೋಗಕ್ಕೆ ಬರುತ್ತವೆ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ಅವು ಚೂರುಗಳ ರಾಶಿಯನ್ನು ಹೀರಿ ಗಡಿಯನ್ನು ಆಚೆಗೆ ತಳ್ಳುತ್ತವೆ. ಆದರೆ ಗಡಿಯನ್ನು ಎರಡು ಪಟ್ಟು ದೂರ ತಳ್ಳಬೇಕಾದರೆ ಪ್ರತಿಧ್ವನಿಯ ಸಮಯವನ್ನು ಕಾಲು ಭಾಗಕ್ಕೆ ಇಳಿಸಬೇಕು. ಅದರ ಬದಲು ಮೈಕನ್ನೇ ಅರ್ಧ ದೂರಕ್ಕೆ ತರುವುದು ಎಷ್ಟೋ ಸುಲಭ.

## ಹಾಗಾದರೆ ಕಿವಿಗೆ ಯಾಕೆ ಹಾಗನ್ನಿಸುವುದಿಲ್ಲ?

ಅದೇ ಕೋಣೆಯಲ್ಲಿ ಅದೇ ಮಾರು ದೂರದಲ್ಲಿ ಕೂತ ಗೆಳೆಯರ ಮಾತು ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಯಾಕೆಂದರೆ ನಮಗೆ ಎರಡು ಕಿವಿಗಳಿವೆ, ಅವುಗಳ ನಡುವೆ ಮಿದುಳಿದೆ. ಯಾವ ದನಿ ಯಾವ ದಿಕ್ಕಿನಿಂದ ಬಂತು ಎಂದು ಅದು ಲೆಕ್ಕ ಹಾಕುತ್ತದೆ. ಮೊದಲು ತಲುಪಿದ ನೇರ ದನಿಗೆ ಬೆಲೆ ಕೊಟ್ಟು, ಹಿಂದೆಯೇ ಬಂದ ಪ್ರತಿಧ್ವನಿಯನ್ನು ಅದಕ್ಕೇ ಸೇರಿಸಿಬಿಡುತ್ತದೆ. ಗದ್ದಲದ ನಡುವೆಯೂ ಒಬ್ಬರ ಮಾತನ್ನು ಆರಿಸಿ ಕೇಳುವ ಈ ಶಕ್ತಿಗೆ "ಕಾಕ್‌ಟೇಲ್ ಪಾರ್ಟಿ" ಪ್ರಶ್ನೆ ಎಂಬ ತಮಾಷೆಯ ಹೆಸರಿದೆ. 1953ರಲ್ಲಿ ಕಾಲಿನ್ ಚೆರ್ರಿ ಇದರ ಮೇಲೆ ಪ್ರಯೋಗ ನಡೆಸಿ ಬರೆದರು.

ಪ್ರತಿಧ್ವನಿ ಇರುವ ಕೋಣೆಯಲ್ಲಿ ಒಂದು ಕಿವಿಯನ್ನು ಬೆರಳಿಂದ ಗಟ್ಟಿಯಾಗಿ ಮುಚ್ಚಿ ಇನ್ನೊಬ್ಬರ ಮಾತು ಕೇಳಿ. ಗುಂಯ್ ಎನ್ನುವುದು ಥಟ್ಟನೆ ಜಾಸ್ತಿಯಾದಂತೆ ಅನ್ನಿಸುತ್ತದೆ. ಒಂದೇ ಮೈಕಿನ ಪಾಡು ಅದು. ಕಿವಿ ಇದೆ, ತಲೆ ಇಲ್ಲ. ನಾವು ಆ ರೆಕಾರ್ಡಿಂಗ್ ಕೇಳುವಾಗಲೂ ಎಲ್ಲ ಸದ್ದೂ ಒಂದೇ ಸ್ಪೀಕರಿನಿಂದ ಬರುವುದರಿಂದ, ನಮ್ಮ ಮಿದುಳಿಗೆ ಆರಿಸಲು ದಿಕ್ಕುಗಳೇ ಸಿಗುವುದಿಲ್ಲ.

## ತೀರಾ ಹತ್ತಿರ ಹೋದರೆ

ಇಷ್ಟು ಓದಿದವರು ಮೈಕನ್ನು ಬಾಯಿಗೇ ಅಂಟಿಸಿಕೊಳ್ಳಬಹುದು. ಅಲ್ಲಿ ಬೇರೆ ಎರಡು ತೊಂದರೆ ಕಾದಿವೆ.

ಒಂದು ನಿಮಗೆ ಗೊತ್ತಿರುವುದೇ. ಅಂಗೈಯನ್ನು ತುಟಿಯ ಮುಂದೆ ಹಿಡಿದು "ಪ" ಅನ್ನಿ, ಆಮೇಲೆ "ಫ" ಅನ್ನಿ. ಮಹಾಪ್ರಾಣಕ್ಕೆ ಗಾಳಿ ಅಂಗೈಗೆ ಬಡಿಯುತ್ತದೆ. "ಭ" ಕೂಡ ಹಾಗೇ. ಇದು ಶಬ್ದವಲ್ಲ, ನಿಜವಾದ ಗಾಳಿ. ಪೊರೆಗೆ ಬಡಿದರೆ ಢಬ್ ಎಂದು ಕೇಳಿಸುತ್ತದೆ. ಆದರೆ ಈ ಗಾಳಿ ಬಾಯಿಯ ನೇರಕ್ಕೆ ಮಾತ್ರ ಹೋಗುತ್ತದೆ, ಬೇಗ ಸಾಯುತ್ತದೆ. ಮೈಕನ್ನು ಅಷ್ಟೇ ಹತ್ತಿರ ಇಟ್ಟು, ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ದನಿ ಸಿಗುತ್ತದೆ, ಗಾಳಿ ತಪ್ಪಿಹೋಗುತ್ತದೆ.

ಎರಡನೆಯದು ವಿಚಿತ್ರ. ತುಂಬಾ ಹತ್ತಿರದಲ್ಲಿ ಮಾತಾಡಿದರೆ ಕೆಲವು ಮೈಕುಗಳಲ್ಲಿ ದನಿ ದಪ್ಪಗಾಗುತ್ತದೆ. ಕೀರಲು ದನಿಯವರೂ ರೇಡಿಯೋ ನಿರೂಪಕರಂತೆ ಕೇಳಿಸುತ್ತಾರೆ. ಬೇಸ್, ಅಂದರೆ ತಗ್ಗಿನ ಸ್ವರಗಳು, 10 ಡೆಸಿಬಲ್ ಆಸುಪಾಸು ಏರುವುದೂ ಉಂಟು. ಇದಕ್ಕೆ ಪ್ರಾಕ್ಸಿಮಿಟಿ ಎಫೆಕ್ಟ್ ಎಂದು ಹೆಸರು. ಆಗುವುದು ದಿಕ್ಕು ನೋಡುವ, ಅಂದರೆ ಕೆಲವು ದಿಕ್ಕಿನ ಶಬ್ದವನ್ನು ಹೆಚ್ಚು, ಉಳಿದದ್ದನ್ನು ಕಡಿಮೆ ಕೇಳುವ ಮೈಕುಗಳಲ್ಲಿ ಮಾತ್ರ.

ಕಾರಣ ತಿಳಿಯಲು ಅಂಥ ಮೈಕಿನ ಒಳಗೆ ಇಣುಕಬೇಕು. ಅದರ ಪೊರೆಗೆ ಮುಂದಿನಿಂದಲೂ ಶಬ್ದ ಬರುತ್ತದೆ, ಹಿಂದಿನ ಕಿಂಡಿಗಳಿಂದಲೂ ಬರುತ್ತದೆ. ಪೊರೆ ಅಲುಗುವುದು ಈ ಎರಡರ ವ್ಯತ್ಯಾಸಕ್ಕೆ. ತಗ್ಗಿನ ಸ್ವರದ ಅಲೆ ತುಂಬಾ ಉದ್ದ: 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ ಸ್ವರದ ಒಂದು ಅಲೆ 3.4 ಮೀಟರ್. ಅಷ್ಟುದ್ದದ ಅಲೆಗೆ ಮೈಕಿನ ಮುಂದೆ ಹಿಂದೆ ಇರುವ ಎರಡು ಮೂರು ಸೆಂಟಿಮೀಟರ್ ಯಾವ ಲೆಕ್ಕ? ಎರಡೂ ಕಡೆ ಒತ್ತಡ ಬಹುತೇಕ ಒಂದೇ, ಪೊರೆ ಅಲುಗುವುದೇ ಕಡಿಮೆ. ಹೀಗೆ ಸೊರಗುವ ಬೇಸನ್ನು ಸರಿದೂಗಿಸಲು, ತಗ್ಗಿನ ಸ್ವರಕ್ಕೆ ಸುಲಭವಾಗಿ ಅಲುಗುವಂತೆ ಪೊರೆಯನ್ನು ಮೊದಲೇ ಹದ ಮಾಡಿರುತ್ತಾರೆ.

ಈಗ ಬಾಯಿಯನ್ನು 2 ಸೆಂಟಿಮೀಟರ್ ಹತ್ತಿರ ತನ್ನಿ. ಮುಂದಿನ ಬಾಗಿಲಿಗೆ ದೂರ 2, ಹಿಂದಿನ ಬಾಗಿಲಿಗೆ ದೂರ 4. ಎರಡು ಪಟ್ಟು! ಬಲೂನಿನ ಲೆಕ್ಕದಂತೆ ಹಿಂದಿನ ಒತ್ತಡ ಅರ್ಧ. ಅಲೆ ಎಷ್ಟೇ ಉದ್ದವಿರಲಿ, ಈಗ ದೂರದಿಂದಾಗಿಯೇ ದೊಡ್ಡ ವ್ಯತ್ಯಾಸ ಹುಟ್ಟಿತು. ಬೇಸ್ ಸೊರಗಲೇ ಇಲ್ಲ, ಆದರೆ ಸರಿದೂಗಿಸುವ ಹದ ಹಾಗೇ ಇದೆ. ಹಾಗಾಗಿ ಬೇಸ್ ಉಬ್ಬುತ್ತದೆ. ಮೊಳ ದೂರದಲ್ಲಿ 45ಕ್ಕೂ 47ಕ್ಕೂ ಅಂಥ ವ್ಯತ್ಯಾಸವಿಲ್ಲ, ಉಬ್ಬುವುದೂ ಇಲ್ಲ.

ಹಳೆಯ ಕಾಲದವರಿಗೂ ಇದು ಗೊತ್ತಿತ್ತು. ಆರ್‌ಸಿಎ ಕಂಪನಿಯ 77-ಡಿಎಕ್ಸ್ ಎಂಬ ಹೆಸರುವಾಸಿ ರಿಬ್ಬನ್ ಮೈಕಿನಲ್ಲಿ (ಪೊರೆಯ ಜಾಗದಲ್ಲಿ ತೆಳು ಲೋಹದ ಪಟ್ಟಿ ಇರುವ ಮೈಕ್) ಸಂಗೀತಕ್ಕೆ ಒಂದು, ಮಾತಿಗೆ ಎರಡು ಎಂದು ಸ್ವಿಚ್ಚಿನ ಸ್ಥಾನಗಳಿದ್ದವು. ಮಾತಿನ ಸ್ಥಾನಕ್ಕೆ ತಿರುಗಿಸಿದರೆ ಬೇಸ್ ಕಡಿತ ಆಗುತ್ತಿತ್ತು, ಯಾಕೆಂದರೆ ಮಾತಾಡುವವರು ಹತ್ತಿರ ಬರುತ್ತಾರೆ.

## ದಿಕ್ಕು ನೋಡುವ ಮೈಕ್ ದೂರ ಕೇಳುತ್ತದೆಯೇ?

ಸ್ವಲ್ಪ ಹೌದು. ಜಾಹೀರಾತು ಹೇಳುವಷ್ಟು ಅಲ್ಲ.

ಎಲ್ಲ ಕಡೆಯಿಂದಲೂ ಸಮನಾಗಿ ಕೇಳುವ ಮೈಕ್‌ಗೆ ಓಮ್ನಿ ಎನ್ನುತ್ತಾರೆ. ಮುಂದಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವುದು ಕಾರ್ಡಿಯಾಯ್ಡ್. ಕೋಣೆಯ ಚೂರುಗಳು ಎಲ್ಲ ದಿಕ್ಕಿನಿಂದಲೂ ಬರುವುದರಿಂದ ಕಾರ್ಡಿಯಾಯ್ಡ್ ಅವುಗಳಲ್ಲಿ ಬಹುಪಾಲನ್ನು ಬಿಟ್ಟುಬಿಡುತ್ತದೆ. ಲೆಕ್ಕದ ಪ್ರಕಾರ ಓಮ್ನಿಗಿಂತ 1.7 ಪಟ್ಟು ದೂರದಲ್ಲಿಟ್ಟರೂ ದನಿ ಮತ್ತು ಕೋಣೆಯ ಪ್ರಮಾಣ ಒಂದೇ ಇರುತ್ತದೆ. ಅಂದರೆ 55 ಸೆಂಟಿಮೀಟರಿನ ಗಡಿ 95ರ ಹತ್ತಿರ ಬಂತು. ಒಳ್ಳೆಯ ಲಾಭವೇ. ಆದರೆ ಎರಡು ಮೊಳ ದಾಟಿದ್ದಷ್ಟೇ.

ಉದ್ದ ಕೊಳವೆಯ ಶಾಟ್‌ಗನ್ ಮೈಕ್ ಕೂಡ ಶಬ್ದವನ್ನು ಹತ್ತಿರ ಎಳೆಯುವುದಿಲ್ಲ. ಪಕ್ಕದಿಂದ ಬಂದ ಅಲೆಗಳು ಕೊಳವೆಯ ಸೀಳುಗಳಿಂದ ಬೇರೆ ಬೇರೆ ಹೊತ್ತಿಗೆ ನುಗ್ಗಿ ಒಂದನ್ನೊಂದು ಕೊಲ್ಲುತ್ತವೆ, ಅಷ್ಟೆ. ನಿಜವಾಗಿ ಶಬ್ದವನ್ನು ಒಟ್ಟುಗೂಡಿಸುವುದು ಹಕ್ಕಿಯ ಕೂಗು ರೆಕಾರ್ಡ್ ಮಾಡುವವರು ಬಳಸುವ ಬೋಗುಣಿ ಆಕಾರದ ಪ್ಯಾರಾಬೋಲಿಕ್ ಮೈಕ್. ಅದೂ ತನ್ನ ಅಗಲಕ್ಕಿಂತ ಉದ್ದದ ಅಲೆಗಳನ್ನು ಸರಿಯಾಗಿ ಹಿಡಿಯದು. ಹಕ್ಕಿಗೆ ಸರಿ, ಮನುಷ್ಯರ ಮಾತು ಪೀಚಾಗಿ ಕೇಳಿಸುತ್ತದೆ.

"ಕಂಡೆನ್ಸರ್ ಮೈಕ್ ದೂರದ್ದೂ ಎಳೆದುಕೊಳ್ಳುತ್ತೆ, ಡೈನಾಮಿಕ್ ಆದರೆ ಹತ್ತಿರದ್ದು ಮಾತ್ರ" ಎಂಬ ಮಾತೂ ಚಾಲ್ತಿಯಲ್ಲಿದೆ. ಇವು ಪೊರೆಯ ಅಲುಗಾಟವನ್ನು ಬೇರೆ ಬೇರೆ ವಿಧಾನದಲ್ಲಿ ವಿದ್ಯುತ್ ಮಾಡುವ ಎರಡು ಬಗೆಯ ಮೈಕುಗಳು. ಕಂಡೆನ್ಸರಿನ ಸಂಕೇತ ಜೋರು, ಅದನ್ನು ಸಾಮಾನ್ಯವಾಗಿ ದೂರ ಇಟ್ಟು ಬಳಸುತ್ತಾರೆ. ಅದಕ್ಕೇ ಹಾಗನ್ನಿಸುವುದು. ಒಂದೇ ಬಗೆಯ ದಿಕ್ಕಿನ ಎರಡನ್ನೂ ಅಕ್ಕಪಕ್ಕ ಇಟ್ಟು ಮಟ್ಟ ಸಮ ಮಾಡಿದರೆ, ಎರಡರಲ್ಲೂ ಕೋಣೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

## ಎರಡು ಮೈಕ್ ಇದ್ದರೆ

ಇಬ್ಬರು ಮಾತಾಡುವಾಗ ಎರಡು ಮೈಕ್ ಇಡುತ್ತಾರೆ. ಆಗ ಮೊದಲನೆಯವರ ದನಿ ಎರಡೂ ಮೈಕ್‌ಗೆ ಹೋಗುತ್ತದೆ, ಎರಡನೆಯದಕ್ಕೆ ಸ್ವಲ್ಪ ತಡವಾಗಿ. ಎರಡು ಮೈಕ್‌ಗಳ ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ತಡ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಎರಡನ್ನೂ ಬೆರೆಸಿದಾಗ 500, 1500, 2500 ಹರ್ಟ್ಸ್ ಹೀಗೆ ಅಲ್ಲಲ್ಲಿ ಸ್ವರಗಳು ಕುಗ್ಗಿಹೋಗುತ್ತವೆ. ದನಿ ಡಬ್ಬಿಯೊಳಗಿಂದ ಬಂದಂತಿರುತ್ತದೆ.

ಇದಕ್ಕೆ ರೂಢಿಯಲ್ಲಿರುವ ಉಪಾಯ ಒಂದಕ್ಕೆ ಮೂರು. ನಿಮ್ಮ ಮೈಕ್ ಒಂದು ಗೇಣು ದೂರ ಇದ್ದರೆ, ಪಕ್ಕದವರ ಮೈಕ್ ಅದರಿಂದ ಕನಿಷ್ಠ ಮೂರು ಗೇಣು ಆಚೆ ಇರಲಿ. ಆಗ ಅಲ್ಲಿಗೆ ಹೋಗುವ ನಿಮ್ಮ ದನಿ ಸುಮಾರು 9 ಡೆಸಿಬಲ್ ಕಡಿಮೆ ಇರುತ್ತದೆ, ಕೆಡುಕು ಅಷ್ಟಾಗಿ ಕೇಳಿಸದು.

## ದೂರವನ್ನೇ ಕೆಲಸಕ್ಕೆ ಹಚ್ಚುವುದು

ದೂರವನ್ನು ಬರೀ ಶತ್ರು ಎಂದುಕೊಳ್ಳಬೇಕಿಲ್ಲ. ವಿಮಾನದ ಪೈಲಟ್‌ಗಳ ಹೆಡ್‌ಸೆಟ್ ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇರುತ್ತದೆ. ಅದರ ಪೊರೆಗೂ ಎರಡೂ ಕಡೆ ಬಾಗಿಲು. ಎಂಜಿನ್ನಿನ ಗುಡುಗು ದೂರದ್ದು, ಎರಡೂ ಬಾಗಿಲಿಗೆ ಒಂದೇ ಸಮ ಬರುತ್ತದೆ, ಪೊರೆ ಅಲುಗದು. ಮಾತು ಹತ್ತಿರದ್ದು, ಮುಂದೆ ಹೆಚ್ಚು, ಹಿಂದೆ ಕಡಿಮೆ. ಹಾಗಾಗಿ ಮಾತು ಮಾತ್ರ ದಾಟುತ್ತದೆ. ಬೇಸ್ ಉಬ್ಬಿಸಿದ ಅದೇ ಲೆಕ್ಕ ಇಲ್ಲಿ ಗದ್ದಲ ಕಳೆಯುತ್ತದೆ.

ನಿಮ್ಮ ಫೋನೂ ಇದನ್ನೇ ಇನ್ನೊಂದು ರೀತಿ ಮಾಡುತ್ತದೆ. ಅದರ ಕೆಳ ಅಂಚಿನಲ್ಲಿ ಒಂದು ಚಿಕ್ಕ ತೂತು ಇದೆ, ಅದು ಬಾಯಿಯ ಹತ್ತಿರದ ಮೈಕ್. ಹೆಚ್ಚಿನ ಫೋನುಗಳಲ್ಲಿ ಮೇಲ್ಗಡೆ ಅಥವಾ ಕ್ಯಾಮೆರಾ ಬಳಿ ಇನ್ನೊಂದು ತೂತು ಇರುತ್ತದೆ. ಫೋನನ್ನು ಕಿವಿಗೆ ಇಟ್ಟಾಗ ನಿಮ್ಮ ದನಿ ಕೆಳಗಿನದಕ್ಕೆ ಜೋರಾಗಿ, ಮೇಲಿನದಕ್ಕೆ ಮೆತ್ತಗೆ ಸಿಗುತ್ತದೆ. ಬೀದಿಯ ಗದ್ದಲ ದೂರದ್ದು, ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಎರಡರಲ್ಲೂ ಸಮನಾಗಿರುವುದು ಗದ್ದಲ, ಕೆಳಗೆ ಮಾತ್ರ ಜೋರಾಗಿರುವುದು ಮಾತು ಎಂದು ಫೋನ್ ವಿಂಗಡಿಸುತ್ತದೆ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರೆ ಬಾಯಿಂದ ಎರಡೂ ತೂತಿಗೆ ದೂರ ಹತ್ತಿರ ಹತ್ತಿರ ಒಂದೇ ಆಗುತ್ತದೆ, ಈ ಗುರುತು ಸಿಗುವುದಿಲ್ಲ. ಗದ್ದಲದಲ್ಲಿ ನಿಂತು ಮಾತಾಡುವಾಗ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತೇವಲ್ಲ, ಬೆರಳು ಮೇಲಿನ ತೂತನ್ನು ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.